ಸಂಬಳ ಬಿಡಬೇಡ, ಸಿಟ್ಟೂ ಬಿಡಬೇಡ

ರಾಜೀನಾಮೆ ಪತ್ರ ಬರೆದಿಟ್ಟಿದ್ದೀಯಂತೆ. ಅದನ್ನು ಕಳಿಸಬೇಡ ಪುಟ್ಟಿ. ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಬಿಟ್ಟು ಪೂರ್ತಿ ರಾಜಕೀಯ ಬರವಣಿಗೆಗೆ ಇಳಿಯುತ್ತೇನೆ ಅಂತ ನೀನು ಅಂದಾಗಿನಿಂದ ನಿನ್ನಮ್ಮನಿಗೆ ನಿದ್ದೆ ಇಲ್ಲ. ಅವಳಿಗೆ ನಿನ್ನ ಬಗ್ಗೆ ಭಯ. ನನಗೆ ಭಯಕ್ಕಿಂತ ಹೆಚ್ಚಾಗಿ ನಿನ್ನ ಲೆಕ್ಕದ ಮೇಲೆ ಅನುಮಾನ.

ನೀನು ಬರೆಯೋದನ್ನು ನಾನು ಓದುತ್ತೇನೆ, ನಿನಗೆ ಗೊತ್ತು. ಶಾಸಕನೊಬ್ಬ ಹೆಣ್ಣುಮಕ್ಕಳ ಬಟ್ಟೆಯ ಬಗ್ಗೆ ಆಡಿದ ಮಾತಿಗೆ ನೀನು ಕೊಟ್ಟ ಉತ್ತರ ನನಗೆ ಹಿಡಿಸಿತು. ಅದಕ್ಕೆ ಬಂದ ಬೈಗುಳವನ್ನೂ ಓದಿದೆ. ‘ನಾಳೆ ಗಂಡು ನೋಡೋಕೆ ಬರೋರು ಇದನ್ನೆಲ್ಲ ನೋಡ್ತಾರೆ’ ಅಂತ ನಿನ್ನಮ್ಮ ಅತ್ತಳು. ನೋಡಲಿ ಬಿಡು, ಅರ್ಧ ಜನ ಅಲ್ಲೇ ವಾಪಸ್ ಹೋಗ್ತಾರೆ, ಕಾಫಿಪುಡಿ ಉಳಿಯುತ್ತೆ ಅಂದೆ. ಅವಳಿಗೆ ನಗು ಬರಲಿಲ್ಲ.

ಪತ್ರಕರ್ತೆ ಗೌರಿ ಲಂಕೇಶ್ ಥರ ಬದುಕಬೇಕು ಅಂತ ನೀನು ಹೇಳಿದೆಯಂತೆ. ಸರಿ, ಹಾಗಾದರೆ ಆಕೆಯ ಬಗ್ಗೆಯೇ ಮಾತಾಡೋಣ. ನಿನ್ನ ಗೋಡೆಯ ಮೇಲಿರುವ ಚಿತ್ರ ಆಕೆ ಸತ್ತ ಮೇಲಿನದು. ಬದುಕಿದ್ದಾಗ ಆಕೆ ಪಟ್ಟ ಪಾಡು ಆ ಚಿತ್ರದಲ್ಲಿಲ್ಲ.

ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಅಸೆಂಬ್ಲಿಯಲ್ಲಿದ್ದ ಕಾಲದಿಂದ ಲಂಕೇಶ್ ಪತ್ರಿಕೆ ಓದಿದವಳು. 1980ರಲ್ಲಿ ಪಿ. ಲಂಕೇಶ್ ಶುರು ಮಾಡಿದ ವಾರಪತ್ರಿಕೆ. ಒಂದೂ ಜಾಹೀರಾತು ಇರುತ್ತಿರಲಿಲ್ಲ. ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಯಬೇಕು, ಯಾರ ಹಂಗೂ ಬೇಡ ಅನ್ನುವ ಹಠ. ಮುಖ್ಯಮಂತ್ರಿ ಗುಂಡೂರಾಯರನ್ನು ‘ಗುಂ’ ಅಂತ ಕರೆದು ಇಡೀ ರಾಜ್ಯವನ್ನು ನಗಿಸಿದ ಪತ್ರಿಕೆ ಅದು. ನಮ್ಮ ಕ್ಯಾಂಟೀನಿನಲ್ಲಿ ಗಂಡಸರ ಕೈ ದಾಟಿ ಹೆಂಗಸರ ಬೆಂಚಿಗೆ ಬರೋ ಹೊತ್ತಿಗೆ ಅದರ ಮೂಲೆಗಳೆಲ್ಲ ಹರಿದಿರುತ್ತಿದ್ದವು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರನ್ನು ನಾನು ಮೊದಲು ಓದಿದ್ದು ಅದರಲ್ಲೇ. ಹಾಸನದ ಬಾನು ಮುಷ್ತಾಕ್ ಅದರ ವರದಿಗಾರ್ತಿಯಾಗಿದ್ದರು. ಮುಸ್ಲಿಂ ಹೆಣ್ಣುಮಕ್ಕಳು ತಮ್ಮ ಮನೆಯೊಳಗಿನ ಮಾತನ್ನು ಕನ್ನಡದಲ್ಲಿ ಬರೆದು ಅಚ್ಚಿಗೆ ಕೊಡೋದು ಆಗ ಸಣ್ಣ ಸಂಗತಿಯಾಗಿರಲಿಲ್ಲ.

ಗೌರಿ ಲಂಕೇಶರ ಹಿರಿಯ ಮಗಳು, 1962ರ ಜನವರಿ 29ರಂದು ಹುಟ್ಟಿದವರು. ಆದರೆ ಆಕೆ ಬೆಳೆದದ್ದು ಇಂಗ್ಲಿಷ್ ಪತ್ರಕರ್ತೆಯಾಗಿ. ಟೈಮ್ಸ್ ಆಫ್ ಇಂಡಿಯಾ, ‘ಸಂಡೇ’ ವಾರಪತ್ರಿಕೆ, ಆಮೇಲೆ ದೆಹಲಿಯಲ್ಲಿ ಈಟಿವಿ. 2000ದ ಜನವರಿ 25ಕ್ಕೆ ತಂದೆ ತೀರಿಕೊಂಡರು. ಪತ್ರಿಕೆ ಮುಚ್ಚಿಬಿಡೋಣ ಅಂತ ಗೌರಿ, ತಮ್ಮ ಇಂದ್ರಜಿತ್ ಇಬ್ಬರೂ ‘ಸಂಜೆವಾಣಿ’ಯ ಮಣಿಯವರ ಹತ್ತಿರ ಹೋದರಂತೆ, ಅವರೇ ಮುಂದುವರಿಸಿ ಅಂತ ಒಪ್ಪಿಸಿದರಂತೆ. 38ರ ಹೊಸ್ತಿಲಲ್ಲಿ ಆಕೆ ಸಂಪಾದಕಿಯಾಗಿ ಕೂತರು. ಅಷ್ಟು ವರ್ಷ ಇಂಗ್ಲಿಷಿನಲ್ಲಿ ಯೋಚಿಸಿದವರು ವಾರವಾರ ಕನ್ನಡದಲ್ಲಿ ಬರೆಯಬೇಕು, ಅದೂ ಲಂಕೇಶರ ಗದ್ಯ ಓದಿ ನಾಲಿಗೆ ಪಳಗಿಸಿಕೊಂಡ ಓದುಗರಿಗೆ. ಮೊದಮೊದಲು ನಾವೇ ಮೂಗು ಮುರಿದೆವು. ಆಕೆ ಲೆಕ್ಕಿಸಲಿಲ್ಲ. ‘ಕಂಡ ಹಾಗೆ’ ಅಂಕಣ ಬರೆಯುತ್ತ ಬರೆಯುತ್ತ ಕಲಿತರು. ಇದನ್ನು ನಿನಗೆ ಬೇಕೆಂದೇ ಹೇಳುತ್ತಿದ್ದೇನೆ. ನಿನ್ನ ಕನ್ನಡವನ್ನು ಯಾರೋ ಆಡಿಕೊಂಡರು ಅಂತ ನೀನು ಮತ್ತೆ ಇಂಗ್ಲಿಷಿಗೆ ಜಾರಿದ್ದು ನನಗೆ ಇಷ್ಟವಾಗಲಿಲ್ಲ. ನೀನು ಇಂಗ್ಲಿಷಿನಲ್ಲಿ ಬರೆದಾಗ ನಿನ್ನ ಆಫೀಸಿನವರು ಮೆಚ್ಚುತ್ತಾರೆ. ಕನ್ನಡದಲ್ಲಿ ಬರೆದಾಗ ಆ ಶಾಸಕನಿಗೇ ಉರಿಯುತ್ತದೆ.

ಆಮೇಲಿನದೆಲ್ಲ ಜಗಳದ ಚರಿತ್ರೆ. ಬಾಬಾಬುಡನ್‌ಗಿರಿಯ ವಿವಾದದಲ್ಲಿ ಕೋಮು ಸೌಹಾರ್ದ ವೇದಿಕೆಯ ಜೊತೆ ಬೀದಿಗಿಳಿದರು. ಸಂಪಾದಕಿ ಬರೆಯಬೇಕು, ಬೀದಿಗೆ ಬರಬಾರದು ಅಂತ ಅನೇಕ ಪತ್ರಕರ್ತರೇ ಗೊಣಗಿದರು. ನಕ್ಸಲ್ ನಾಯಕ ಸಾಕೇತ್ ರಾಜನ್ ಅವರನ್ನು ಕಾಡಿನಲ್ಲಿ ಕಂಡು ಬಂದರು. 2005ರ ಫೆಬ್ರವರಿಯಲ್ಲಿ ನಕ್ಸಲರ ಕುರಿತ ವರದಿಯೊಂದರ ವಿಚಾರಕ್ಕೆ ಅಕ್ಕ ತಮ್ಮ ಒಬ್ಬರ ಮೇಲೊಬ್ಬರು ಪೊಲೀಸ್ ಠಾಣೆಗೆ ದೂರು ಕೊಡುವಷ್ಟು ದೂರ ಹೋಯಿತು. ಮನೆಯ ಜಗಳ ಪತ್ರಿಕೆಗಳ ಮುಖಪುಟಕ್ಕೆ ಬಂತು. ಆಕೆ ಹೊರಬಂದು ತನ್ನ ಹೆಸರಿನಲ್ಲೇ ‘ಗೌರಿ ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಒಂಬತ್ತು ವರ್ಷದ ನಂತರ, 2014ರಲ್ಲಿ, ಅದೇ ಗೌರಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ ಅವರ ಜೊತೆ ನಿಂತು ಸಿರಿಮನೆ ನಾಗರಾಜ್, ನೂರ್ ಜುಲ್ಫೀಕರ್ ಬಂದೂಕು ಬಿಟ್ಟು ಮುಖ್ಯವಾಹಿನಿಗೆ ಬರುವಂತೆ ಮಾಡಿದರು. ನಕ್ಸಲರ ಬೆಂಬಲಿಗರು ಅಂತ ಬೈದವರಾರೂ ಆಮೇಲೂ ಆ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಬೈದವರು ನಾಳೆ ಬಂದು ಕ್ಷಮೆ ಕೇಳುತ್ತಾರೆ ಅಂತ ನೀನು ಒಳಗೊಳಗೇ ಕಾಯುತ್ತಿದ್ದೀಯ, ನನಗೆ ಗೊತ್ತು. ಕಾಯಬೇಡ.

ಆಕೆ ಬರೆದದ್ದೆಲ್ಲ ನನಗೆ ಒಪ್ಪಿಗೆಯಾಗಿತ್ತು ಅಂತಲ್ಲ. ಕೆಲವು ತಲೆಬರಹಗಳಲ್ಲಿ ಖಾರ ಹೆಚ್ಚಾಗಿ ವಿಷಯವೇ ಹಿಂದೆ ಸರಿಯುತ್ತಿತ್ತು. ಜಾತಿಯ ಬಗ್ಗೆ, ಹೆಣ್ಣಿನ ಬಗ್ಗೆ, ಲಿಂಗಾಯತ ಪ್ರತ್ಯೇಕ ಧರ್ಮದ ಬಗ್ಗೆ ಆಕೆ ನಿಂತ ಕಡೆ ಗಟ್ಟಿಯಾಗಿ ನಿಂತರು. ಅದಕ್ಕೆ ನನ್ನ ಗೌರವವಿದೆ. ಆದರೆ ಈಗ ನಾನು ಹೇಳಬೇಕಾದ್ದು ಹುಬ್ಬಳ್ಳಿಯ ಕತೆ. ಅದನ್ನು ಗಮನವಿಟ್ಟು ಓದು.

2008ರ ಜನವರಿಯಲ್ಲಿ ಅವರ ಪತ್ರಿಕೆಯಲ್ಲಿ ಬಿಜೆಪಿಯ ಕೆಲವರ ಮೇಲೆ ಒಂದು ವರದಿ ಬಂತು. ಚಿನ್ನದ ವ್ಯಾಪಾರಿಯೊಬ್ಬರಿಗೆ ವಂಚನೆಯಾಗಿದೆ ಅನ್ನುವ ಆರೋಪ. ಅದರಲ್ಲಿ ಹೆಸರು ಬಂದ ಪ್ರಹ್ಲಾದ ಜೋಶಿ ಮತ್ತು ಉಮೇಶ್ ದುಶಿ ಮಾನನಷ್ಟ ಮೊಕದ್ದಮೆ ಹಾಕಿದರು. ಬೆಂಗಳೂರಿನ ಪತ್ರಿಕೆ, ಹುಬ್ಬಳ್ಳಿಯ ಕೋರ್ಟು, ನಡುವೆ ನಾನೂರು ಕಿಲೋಮೀಟರ್. ಎಂಟು ವರ್ಷಕ್ಕೂ ಹೆಚ್ಚು ಎಳೆದು 2016ರ ನವೆಂಬರ್‌ನಲ್ಲಿ ತೀರ್ಪು ಬಂತು: ತಪ್ಪಿತಸ್ಥೆ, ಆರು ತಿಂಗಳ ಸಜೆ, ಮೇಲೆ ದಂಡ. ಅಂದೇ ಜಾಮೀನು ಸಿಕ್ಕಿತು. ಬರೆದದ್ದನ್ನು ರುಜುವಾತು ಮಾಡುವ ಸಾಕ್ಷ್ಯ ಕೋರ್ಟಿನ ಮುಂದೆ ನಿಲ್ಲಲಿಲ್ಲ. ಸುದ್ದಿ ಕೊಟ್ಟವರು ಯಾವ ಪತ್ರಿಕೆಗೂ ಸಾಕ್ಷಿ ಹೇಳೋಕೆ ಕಟಕಟೆಗೆ ಬರುವುದಿಲ್ಲ ಪುಟ್ಟಿ. ಕಿವಿಯಲ್ಲಿ ಹೇಳಿದವರು ಕಿವಿಯಲ್ಲೇ ಉಳಿಯುತ್ತಾರೆ.

ಬೈಗುಳಕ್ಕೆ ನೀನು ಹೆದರೋದಿಲ್ಲ, ಸಂತೋಷ. ಬರೆಯುವವರನ್ನು ಬೈಗುಳ ಸುಸ್ತು ಮಾಡುವುದಿಲ್ಲ, ವಾಯಿದೆ ಸುಸ್ತು ಮಾಡುತ್ತದೆ. ಇವತ್ತು ಬಾ, ಜಡ್ಜು ರಜೆ. ಮುಂದಿನ ತಿಂಗಳು ಬಾ, ಎದುರು ಪಾರ್ಟಿಯ ವಕೀಲರಿಗೆ ಬಿಡುವಿಲ್ಲ. ನಿನ್ನ ಮ್ಯಾನೇಜರ್ ಹತ್ತಿರ ಎಷ್ಟು ಸಲ ರಜೆ ಕೇಳುತ್ತೀಯ? 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ದಂಡಸಂಹಿತೆಯಲ್ಲಿ ಮಾನನಷ್ಟಕ್ಕಿದ್ದ 499, 500 ಹೋಗಿ 356ನೆಯ ಕಲಂ ಆಯಿತು. ಸಮುದಾಯ ಸೇವೆ ಅಂತ ಒಂದು ಹೊಸ ಶಿಕ್ಷೆ ಸೇರಿದೆ, ಎರಡು ವರ್ಷದವರೆಗಿನ ಸಜೆ ಹಾಗೇ ಇದೆ. 2015ರಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಕಿತ್ತುಹಾಕಿತಲ್ಲ, ಇನ್ನೇನು ಭಯ ಅಂತ ನೀನು ಒಮ್ಮೆ ವಾದಿಸಿದ್ದೆ. ಅದು ಹೋಯಿತು, ಇದು ಇದೆ.

ಅದಕ್ಕೇ ಹೇಳುತ್ತೇನೆ, ಹೆಸರು ಹಾಕಿ ಆರೋಪ ಬರೆಯುವಾಗ ಮೊದಲು ಕಾಗದ ಕೈಗೆ ಬರಲಿ. ಮಾಹಿತಿ ಹಕ್ಕಿನಲ್ಲಿ ಪಡೆದ ಪ್ರತಿಯೋ, ಚುನಾವಣಾ ಅಫಿಡವಿಟ್ಟೋ, ವಿಧಾನಸಭೆಯ ಕಲಾಪದ ದಾಖಲೆಯೋ. ಆ ಶಾಸಕನ ಮಾತಿಗೆ ನೀನು ಕೊಟ್ಟ ಉತ್ತರ ಯಾಕೆ ನಿಂತಿತು ಗೊತ್ತಾ? ಅವನು ಆಡಿದ ಮಾತಿನ ವಿಡಿಯೋ ಇತ್ತು. ಅದೇ ನೀನು ಮೂರನೆಯ ಪ್ಯಾರಾದಲ್ಲಿ ‘ಇವನ ಮನೆಯ ಹೆಂಗಸರ ಪಾಡು ನಮಗೆ ಗೊತ್ತಿಲ್ಲವೇ’ ಅಂದೆಯಲ್ಲ, ಅದಕ್ಕೆ ನಿನ್ನ ಹತ್ತಿರ ಏನಿತ್ತು? ಅವನ ಹೆಂಡತಿ ನಿನಗೆ ಯಾವ ಅನ್ಯಾಯ ಮಾಡಿದ್ದಳು? ಸ್ತ್ರೀವಾದಿ ಅಂತ ಹೇಳಿಕೊಂಡು ಇನ್ನೊಬ್ಬಳ ಮನೆಯ ಬಾಗಿಲು ತೆರೆದು ತೋರಿಸುವುದು ನನಗೆ ಸರಿ ಕಾಣಲಿಲ್ಲ.

ಇನ್ನು ನಿನ್ನ ಗೆಳತಿಯ ವಿಷಯ. ಅವಳ ಕಂಪನಿಯ ಆಂತರಿಕ ಸಮಿತಿಯ ಮುಂದಿರುವ ದೂರಿನ ಬಗ್ಗೆ ಬರೆಯುತ್ತೇನೆ ಅಂದೆ. ಬೇಡ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೆಯ ಕಲಂ ಓದು. ದೂರಿನಲ್ಲಿ ಏನಿದೆ, ದೂರು ಕೊಟ್ಟವಳು ಯಾರು, ಆರೋಪಿ ಯಾರು, ಸಾಕ್ಷಿಗಳು ಯಾರು, ಸಮಿತಿ ಏನು ನಡೆಸುತ್ತಿದೆ, ಯಾವುದನ್ನೂ ಪ್ರಕಟಿಸುವಂತಿಲ್ಲ. ನೀನು ಬರೆದರೆ ಮೊದಲು ಪೆಟ್ಟು ಬೀಳುವುದು ಅವಳ ಕೇಸಿಗೇ. ಬರೆಯಲೇಬೇಕೆಂದರೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸದವರಿರುವ ಎಲ್ಲ ಕಡೆ ಆ ಸಮಿತಿ ಇರಬೇಕು ಅನ್ನುವ ಕಾಯ್ದೆ ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗಿದೆ ಅಂತ ಹುಡುಕಿ ಬರೆ. ಘಟನೆ ನಡೆದು ಮೂರು ತಿಂಗಳೊಳಗೆ ದೂರು ಕೊಡಬೇಕು ಅನ್ನುವುದು ಅಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತು ಅಂತ ಕೇಳು. ಲೈಂಗಿಕ ಕಿರುಕುಳದ ಆರೋಪ ಮಾಡಿದ್ದಕ್ಕೆ ಪತ್ರಕರ್ತೆ ಪ್ರಿಯಾ ರಮಣಿಯವರ ಮೇಲೆ ಮಾಜಿ ಮಂತ್ರಿ ಎಂ.ಜೆ. ಅಕ್ಬರ್ ಹಾಕಿದ ಮಾನನಷ್ಟ ಕೇಸು 2021ರ ಫೆಬ್ರವರಿಯಲ್ಲಿ ಬಿದ್ದುಹೋದಾಗ ನೀನು ಸಿಹಿ ಹಂಚಿದ್ದೆ. ಆಕೆ ಗೆದ್ದದ್ದು ತನಗೆ ಆದದ್ದನ್ನು ತಾನೇ ಹೇಳಿ, ಕೋರ್ಟಿನಲ್ಲೂ ಹಾಗೇ ನಿಂತು. ಬೇರೆಯವರ ನೋವನ್ನು ಅವರ ಒಪ್ಪಿಗೆಯಿಲ್ಲದೆ ಹೇಳುವುದು ಬೇರೆ.

ಬೆದರಿಕೆಗಳ ಮಾತು. ನಿನ್ನನ್ನು ಬೈದವರಲ್ಲಿ ನಿನ್ನ ವಾದವನ್ನು ಮುಟ್ಟಿದವರು ಇಬ್ಬರೋ ಮೂವರೋ, ಉಳಿದವರೆಲ್ಲ ನಿನ್ನ ಮೈ ಬಗ್ಗೆಯೇ ಬರೆದಿದ್ದಾರೆ. ಗಂಡು ಬರೆದರೆ ಕಾಸು ತಿಂದ ಅನ್ನುತ್ತಾರೆ, ಹೆಣ್ಣು ಬರೆದರೆ ಹಾಸಿಗೆಯ ಮಾತೇ ಬರುತ್ತದೆ. 2015ರಲ್ಲಿ ಲೇಖಕಿ ಚೇತನಾ ತೀರ್ಥಹಳ್ಳಿ ಅವರಿಗೆ ಅತ್ಯಾಚಾರದ ಬೆದರಿಕೆ ಹಾಕಿದಾಗ ಅವರು ಸುಮ್ಮನಿರದೆ ಪೊಲೀಸರಿಗೆ ದೂರು ಕೊಟ್ಟರು. ನೀನು ಮಾಡಿದ್ದೇನು? ಸಿಟ್ಟಿಗೆ ಎಲ್ಲ ಅಳಿಸಿಹಾಕಿದೆ. ಇನ್ನು ಮುಂದೆ ಅಳಿಸಬೇಡ. ಬರೆದವನ ಖಾತೆಯ ಕೊಂಡಿ, ದಿನಾಂಕ, ಗಂಟೆ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡು. ಉತ್ತರ ಕೊಡಬೇಡ, ನಿನ್ನ ಒಂದು ಒರಟು ಮಾತನ್ನು ಅವನ ವಕೀಲ ಹಿಡಿದುಕೊಳ್ಳುತ್ತಾನೆ. ಹಿಂಬಾಲಿಸಿ ಕಾಡಿದರೆ ನ್ಯಾಯ ಸಂಹಿತೆಯ 78, ಮಾನಕ್ಕೆ ಕುಂದು ತರುವ ಮಾತಿಗೆ 79, ಬೆದರಿಕೆಗೆ 351. ಸೈಬರ್ ಕ್ರೈಂ ಪೋರ್ಟಲ್ ಇದೆ, ಸೈಬರ್ ಠಾಣೆಗಳಿವೆ. ನಮ್ಮ ವ್ಯಾಪ್ತಿ ಅಲ್ಲ, ವೈಟ್‌ಫೀಲ್ಡಿಗೆ ಹೋಗಿ ಅಂತ ಒಂದು ಠಾಣೆಯವರು ಓಡಾಡಿಸಿದರೆ ಝೀರೋ ಎಫ್‌ಐಆರ್ ಬರೆದುಕೊಳ್ಳಿ ಅಂತ ನೇರವಾಗಿ ಕೇಳು. ಒಬ್ಬಳೇ ಹೋಗಬೇಡ. ನನ್ನನ್ನು ಕರಿ. ನರೆತ ಕೂದಲಿನ ಹೆಂಗಸು ಪಕ್ಕದಲ್ಲಿ ಕೂತಿದ್ದರೆ ರೈಟರ್ ಪೆನ್ನು ಬೇಗ ತೆಗೆಯುತ್ತಾನೆ.

ಒಬ್ಬಳೇ ಅಂದಾಗ ನನಗೆ ರಾಜರಾಜೇಶ್ವರಿ ನಗರದ ಗೌರಿಯವರ ಮನೆ ನೆನಪಾಗುತ್ತದೆ. 2017ರ ಸೆಪ್ಟೆಂಬರ್ 5, ರಾತ್ರಿ ಎಂಟರ ಸುಮಾರು. ಬಸವನಗುಡಿಯ ಕಚೇರಿಯಿಂದ ತಾನೇ ಕಾರು ಓಡಿಸಿಕೊಂಡು ಬಂದರು. ಮನೆಯಲ್ಲಿ ಇನ್ನೊಬ್ಬರಿಲ್ಲ. ಗೇಟಿನ ಹತ್ತಿರವೇ ಹಂತಕರು ಗುಂಡು ಹೊಡೆದರು. ಆಕೆಗೆ 55 ವರ್ಷ. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದ ಪಿಸ್ತೂಲೇ ಇದು ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಬಿ.ಕೆ. ಸಿಂಗ್ ಅವರ ವಿಶೇಷ ತನಿಖಾ ತಂಡ 18 ಜನರ ಮೇಲೆ ಆರೋಪಪಟ್ಟಿ ಹಾಕಿತು. ವಿಚಾರಣೆ ಶುರುವಾದದ್ದು 2022ರ ಜುಲೈನಲ್ಲಿ. ಜಾಮೀನಿನ ಮೇಲೆ ಹೊರಬಂದ ಇಬ್ಬರು ಆರೋಪಿಗಳಿಗೆ 2024ರ ಅಕ್ಟೋಬರ್‌ನಲ್ಲಿ ವಿಜಯಪುರದಲ್ಲಿ ಹಾರ ಹಾಕಿ ಮೆರೆಸಿದರು. ಅಪರಾಧ ಸಾಬೀತಾಗುವವರೆಗೆ ಅವರು ಆರೋಪಿಗಳೇ, ಅದು ಕಾನೂನು. ಆದರೆ ಕೊಲೆ ಆರೋಪಿಗೆ ಹಾರ ಹಾಕುವ ಕೈಗಳೂ ನಮ್ಮ ನಡುವೆ ಇವೆ ಅನ್ನುವುದನ್ನು ತಿಳಿದುಕೊಂಡೇ ನೀನು ಬರೆಯಬೇಕು. ಇದನ್ನು ನಿನ್ನಮ್ಮನಿಗೆ ಓದಿ ಹೇಳಬೇಡ.

ಆ ಕೊನೆಯ ವಾರದ ಗೌರಿಯೇ ನನಗೆ ಎಲ್ಲಕ್ಕಿಂತ ಹತ್ತಿರ. ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಬಗ್ಗೆ. ಗಣೇಶನ ಹಬ್ಬಕ್ಕೆ ಸರ್ಕಾರ ಇಲ್ಲಸಲ್ಲದ ನಿರ್ಬಂಧ ಹಾಕಿದೆ ಅಂತ ಆ ವರ್ಷ ವದಂತಿ ಹಬ್ಬಿ, ರಾಜ್ಯದ ಪೊಲೀಸ್ ಮುಖ್ಯಸ್ಥರೇ ಪತ್ರಿಕಾಗೋಷ್ಠಿ ಕರೆದು ಸುಳ್ಳು ಅನ್ನಬೇಕಾಯಿತು. ಅದನ್ನೇ ಹಿಡಿದು ಬರೆದರು. ಸಾಯುವ ದಿನ ಟ್ವಿಟರ್‌ನಲ್ಲಿ ಬರೆದದ್ದು ತನ್ನ ಕಡೆಯವರಿಗೇ: ನಮ್ಮಲ್ಲೂ ಕೆಲವರು ಸುಳ್ಳು ಪೋಸ್ಟ್ ಹಂಚಿಬಿಡುತ್ತೇವೆ, ಒಬ್ಬರನ್ನೊಬ್ಬರು ಎಚ್ಚರಿಸೋಣ, ಬಯಲಿಗೆಳೆದು ಅವಮಾನ ಮಾಡುವುದು ಬೇಡ ಅನ್ನುವ ಅರ್ಥದ ಮಾತು. ಅಷ್ಟು ವೈರಿಗಳನ್ನು ಎದುರಿಗಿಟ್ಟುಕೊಂಡವರು ಆ ದಿನ ಯೋಚಿಸುತ್ತಿದ್ದದ್ದು ಒಡೆದುಹೋಗುತ್ತಿರುವ ಗೆಳೆಯರ ಬಗ್ಗೆ. ನೀನೋ, ಕಳೆದ ತಿಂಗಳು ನಿನ್ನಂತೆಯೇ ಬರೆಯುವ ಹುಡುಗಿಯೊಬ್ಬಳ ಮೇಲೆ ಮೂರು ದಿನ ಯುದ್ಧ ಸಾರಿದ್ದೆ. ಅವಳು ಸಾಕಷ್ಟು ಸ್ತ್ರೀವಾದಿ ಅಲ್ಲವಂತೆ. ಅವಳಿಗೊಂದು ಫೋನ್ ಮಾಡು.

ವದಂತಿ ಏನು ಮಾಡುತ್ತದೆ ಅಂತ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ನೀನು ಹೈಸ್ಕೂಲಿನಲ್ಲಿದ್ದೆ. ಈಶಾನ್ಯದವರ ಮೇಲೆ ಹಲ್ಲೆಯಾಗುತ್ತದೆ ಅಂತ ಮೊಬೈಲಿನಿಂದ ಮೊಬೈಲಿಗೆ ಎಸ್‌ಎಂಎಸ್ ಹರಿದಾಡಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲ್ವೆ ಸ್ಟೇಷನ್ನಿಗೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಸರ್ಕಾರ ತಡೆ ಹಾಕಿತು. ಟೆಕ್ ಪಾರ್ಕುಗಳ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿ ಹುಡುಗರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ಹೋಟೆಲಿನವರು. ನಮ್ಮ ಕಡೆಯದು, ನಮಗೆ ಬೇಕಾದದ್ದು ಅನ್ನುವ ಕಾರಣಕ್ಕೆ ಪರೀಕ್ಷಿಸದೆ ಹಂಚಿದ ಸುದ್ದಿಯೂ ಅಷ್ಟೇ ಕೆಟ್ಟದ್ದು.

ಈಗ ಸಂಬಳದ ಮಾತಿಗೆ ಬರುತ್ತೇನೆ. ಜಾಹೀರಾತಿಲ್ಲದ ಪತ್ರಿಕೆ ನಡೆಸುವುದು ಎಷ್ಟು ಕಷ್ಟ ಅಂತ ಗೌರಿಯವರ ಕೊನೆಯ ವರ್ಷಗಳು ಹೇಳುತ್ತವೆ. ದುಡ್ಡಿನ ಒತ್ತಡ ಸದಾ ಇತ್ತು. ಆಕೆಗೆ ಅಪ್ಪ ಕಟ್ಟಿದ ಓದುಗರಿದ್ದರು, ಆದರೂ ಹಾಗಾಯಿತು. ನಿನಗೆ ಏನಿದೆ? ಮೆಚ್ಚುವವರಿದ್ದಾರೆ, ಕಾಸು ಕೊಡುವವರಿಲ್ಲ. ನಾಳೆ ಚುನಾವಣೆ ಬಂದಾಗ ಒಬ್ಬ ಬಂದು ‘ಮೇಡಂ, ನಮ್ಮ ಪರವಾಗಿ ನಾಲ್ಕು ಬರೆಯಿರಿ, ಖರ್ಚು ನಾವು ನೋಡ್ಕೊಳ್ತೀವಿ’ ಅನ್ನುತ್ತಾನೆ. ಸಂಬಳ ಬರುತ್ತಿದ್ದರೆ ಅವನಿಗೆ ಬಾಗಿಲು ತೋರಿಸುತ್ತೀಯ. ಬಾಡಿಗೆ ಬಾಕಿ ಇದ್ದರೆ ಕೂರಿಸಿ ಟೀ ಕೊಡುತ್ತೀಯ. ಲಂಕೇಶರಿಗೆ ಜಾಹೀರಾತು ಬೇಡ ಅನ್ನುವ ಧೈರ್ಯವನ್ನು ಓದುಗರು ಕೊಟ್ಟರು, ನಿನಗೆ ಸದ್ಯಕ್ಕೆ ಆ ಕೆಲಸ ಕೊಡುತ್ತದೆ.

ಕೆಲಸ ಉಳಿಸಿಕೊಂಡು ಬರೆಯುವುದಕ್ಕೂ ಒಂದು ಶಿಸ್ತು ಬೇಕು. ನೇಮಕಾತಿ ಪತ್ರದಲ್ಲಿ ಸೋಷಿಯಲ್ ಮೀಡಿಯಾದ ಬಗ್ಗೆ ಏನು ಸಹಿ ಹಾಕಿದ್ದೀಯ, ತೆಗೆದು ಓದು. ಕಂಪನಿಯ ಲ್ಯಾಪ್‌ಟಾಪಿನಲ್ಲಿ, ಕಂಪನಿಯ ವೈಫೈನಲ್ಲಿ, ಕೆಲಸದ ಹೊತ್ತಿನಲ್ಲಿ ಒಂದು ಸಾಲೂ ಬರೆಯಬೇಡ. ಕಂಪನಿಯ ಹೆಸರು ನಿನ್ನ ಪರಿಚಯದಲ್ಲಿ ಬೇಡ. ನಿನ್ನನ್ನು ಬೈಯುವವರು ಮೊದಲು ಮಾಡುವುದು ನಿನ್ನ ಎಚ್‌ಆರ್‌ಗೆ ಮೇಲ್ ಹಾಕುವುದು. ಕಾರ್ಖಾನೆಗಳಿಗಿದ್ದ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಐಟಿಯವರಿಗೆ ನಮ್ಮ ಸರ್ಕಾರ 2014ರಲ್ಲಿ ವಿನಾಯಿತಿ ಕೊಟ್ಟಿತು, ಆಮೇಲೂ ಮುಂದುವರಿಸಿತು. ಎಚ್‌ಎಂಟಿಯಲ್ಲಿ ನಮಗೆ ಮೆಮೊ ಕೊಡಬೇಕಾದರೂ ಒಂದು ಕ್ರಮವಿತ್ತು, ಯೂನಿಯನ್ನಿನವರು ಜೊತೆಗಿರುತ್ತಿದ್ದರು. ನಿಮ್ಮಲ್ಲಿ ಮೀಟಿಂಗ್ ರೂಮಿಗೆ ಕರೆದು ಐಡಿ ಕಾರ್ಡ್ ತೆಗೆದುಕೊಳ್ಳುತ್ತಾರೆ. 2017ರಲ್ಲಿ ಐಟಿ ನೌಕರರ ಸಂಘ, ಕೆಐಟಿಯು, ನೋಂದಣಿಯಾಗಿದೆ. ಸದಸ್ಯಳಾಗು. ಸ್ತ್ರೀವಾದ ಬರೆಯುವವಳಿಗೆ ಯೂನಿಯನ್ನಿನ ಚಂದಾ ಕಟ್ಟಲು ಸಂಕೋಚ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಾನು ಮುಷ್ತಾಕ್ ಅವರನ್ನೂ ನೋಡು. ಹೆಣ್ಣುಮಕ್ಕಳು ಮಸೀದಿಗೆ ಹೋಗಬಹುದು ಅಂದದ್ದಕ್ಕೆ 2000ದಲ್ಲಿ ಬಹಿಷ್ಕಾರ, ಫೋನಿನಲ್ಲಿ ಬೆದರಿಕೆ, ಚೂರಿ ಹಿಡಿದು ಬಂದವನೊಬ್ಬ. ಆಗ ತಡೆದವರು ಅವರ ಗಂಡ. 2025ರ ಮೇನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರಿಗೂ ನಮ್ಮ ಬಾನು ಆದರು. ಕೆಲವೇ ತಿಂಗಳಲ್ಲಿ ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದೇ ತಪ್ಪು ಅಂತ ಕೆಲವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಅಲ್ಲಿ ಅರ್ಜಿ ನಿಲ್ಲಲಿಲ್ಲ. ಒಂದು ಸಲ ಒಂದು ಕಡೆಯವರು, ಇನ್ನೊಂದು ಸಲ ಇನ್ನೊಂದು ಕಡೆಯವರು. ವಕೀಲಿಕೆ ಇತ್ತು, ಹಾಸನದಲ್ಲಿ ಮನೆ ಇತ್ತು, ಕತೆ ಬರೆಯುವ ಹಠ ಇತ್ತು, ಎಪ್ಪತ್ತೈದು ದಾಟಿತು, ಇನ್ನೂ ಮಾತಾಡುತ್ತಿದ್ದಾರೆ. ನಿನ್ನ ಗೋಡೆಗೆ ಅವರದ್ದೂ ಒಂದು ಚಿತ್ರ ಹಾಕು.

ಕೊನೆಗೆ ಒಂದು ದೂರು. ನಿನ್ನ ಬರಹದಲ್ಲಿ ಹೆಣ್ಣು ಅಂದರೆ ಲಿಫ್ಟಿನಲ್ಲಿ ಹೋಗುವವಳು, ಕ್ಯಾಬ್ ಬುಕ್ ಮಾಡುವವಳು. ನಿನ್ನ ಆಫೀಸಿನಿಂದ ಹೆಬ್ಬಗೋಡಿ ಎಷ್ಟು ದೂರ? 2016ರ ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಂಗಸರು ಬೊಮ್ಮನಹಳ್ಳಿಯ ಹತ್ತಿರ ಹೊಸೂರು ರಸ್ತೆಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷದವರೆಗೆ ಕೈಗೆ ಸಿಗುವುದಿಲ್ಲ ಅನ್ನುವ ಹೊಸ ನಿಯಮಕ್ಕೆ ಸಿಟ್ಟು. ಮಾರನೆಯ ದಿನ ಹೆಬ್ಬಗೋಡಿ, ಇತ್ತ ಜಾಲಹಳ್ಳಿ ಕ್ರಾಸ್, ಪೀಣ್ಯ, ತುಮಕೂರು ರಸ್ತೆ. ಕಲ್ಲು ಬಿತ್ತು, ಬಸ್ಸು ಉರಿಯಿತು, ಲಾಠಿ ಬೀಸಿದರು, ಅದನ್ನು ನಾನು ಸರಿ ಅನ್ನುವುದಿಲ್ಲ. ಆದರೆ ಆ ಸಂಜೆಯೇ ದೆಹಲಿ ನಿಯಮ ವಾಪಸ್ ತೆಗೆದುಕೊಂಡಿತು. ಕರೆ ಕೊಟ್ಟ ನಾಯಕರಿಲ್ಲ, ಬಾವುಟ ಇಲ್ಲ, ಲೇಖನ ಬರೆದವರಂತೂ ಇಲ್ಲವೇ ಇಲ್ಲ. ಟ್ರಾಫಿಕ್ ಜಾಮ್ ಅಂತ ಐಟಿಯವರು ಬೈದುಕೊಂಡದ್ದು ಮಾತ್ರ ನನಗೆ ನೆನಪಿದೆ. ಮಗಳ ಫೀಸಿಗೆ, ಊರಿನ ಸಾಲಕ್ಕೆ ಆ ಪಿಎಫ್ ದುಡ್ಡು ಏನು ಅಂತ ಆ ಹೆಂಗಸರನ್ನು ಕೇಳಿ ಬರೆದವರು ಕಡಿಮೆ.

ಈ ಭಾನುವಾರ ದಾಸರಹಳ್ಳಿಗೆ ಬಾ. ನಮ್ಮ ಬೀದಿಯಲ್ಲೇ ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವರು ನಾಲ್ಕೈದು ಜನ ಇದ್ದಾರೆ. ವಾರಕ್ಕೊಂದೇ ರಜೆ, ಬಟ್ಟೆ ಒಗೆದು, ಸೊಸೈಟಿ ಅಕ್ಕಿ ತಂದು, ಹನ್ನೊಂದರ ಮೇಲೆ ಸ್ವಲ್ಪ ಬಿಡುವಾಗುತ್ತಾರೆ. ಟಾರ್ಗೆಟ್ ಅಂದರೆ ಏನು, ಸೂಪರ್‌ವೈಸರ್ ಹೇಗೆ ಕರೆಯುತ್ತಾನೆ, ಬಾತ್‌ರೂಮಿಗೆ ಹೋಗಲು ಯಾರನ್ನು ಕೇಳಬೇಕು, ಅವರೇ ಹೇಳಲಿ. ಹೆಸರು ಹಾಕಲಾ ಅಂತ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳು, ಬೇಡ ಅಂದರೆ ಹಾಕಬೇಡ. ಫೋನ್ ಚೀಲದಲ್ಲೇ ಇರಲಿ, ರೆಕಾರ್ಡಿಂಗ್ ಅಂದರೆ ಅವರು ಬಾಯಿ ಬಿಡುವುದಿಲ್ಲ. ನೋಟ್‌ಬುಕ್ ತಾ. ಊಟ ನಮ್ಮಲ್ಲೇ, ನಿನ್ನಮ್ಮನನ್ನೂ ಕರೆದುಕೊಂಡು ಬಾ.